ಕಷಾಯ ಲೆಕ್ಕಕ್ಕೆ ಬರೋದಿಲ್ಲ

"ಬೇರೆ ಏನಾದ್ರೂ ತಗೊಳ್ತಾ ಇದೀರಾ ಅಮ್ಮಾ?" ಅಂತ ಡಾಕ್ಟರು ಕೇಳಿದರು.

"ಏನೂ ಇಲ್ಲ" ಅಂದಳು ಚಿಕ್ಕಮ್ಮ.

2021ರ ಮಾತು ಇದು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೂತಿದ್ದೆವು. ಚಿಕ್ಕಮ್ಮನ ರಕ್ತದ ರಿಪೋರ್ಟು ಮೇಜಿನ ಮೇಲಿತ್ತು. ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಅನ್ನುವ ಅಂಕಿ ಇರಬೇಕಾದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಇತ್ತು. ಆಗ ಅವಳು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲುನೋವಿನ ಕಾಯಿಲೆಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುತ್ತಿದ್ದಳು. ಆ ಮಾತ್ರೆ ಕೆಲವರಿಗೆ ಲಿವರ್ ತೊಂದರೆ ಕೊಡುತ್ತದೆ, ಅದಕ್ಕೇ ಆಗಾಗ ಈ ಪರೀಕ್ಷೆ. ಡಾಕ್ಟರು ಇನ್ನೊಮ್ಮೆ ಕೇಳಿದರು. ಚಿಕ್ಕಮ್ಮ ಇನ್ನೊಮ್ಮೆ ಇಲ್ಲ ಅಂದಳು. ಪಕ್ಕದಲ್ಲಿದ್ದ ನಾನೂ ಹೌದು ಅನ್ನುವ ಹಾಗೆ ತಲೆ ಆಡಿಸಿದೆ. ಹಾಗಾದರೆ ಮಾತ್ರೆಯದ್ದೇ ಇರಬೇಕು ಅಂತ ಡಾಕ್ಟರು ಡೋಸ್ ಅರ್ಧಕ್ಕೆ ಇಳಿಸಿ ಕಳಿಸಿದರು.

ಅವತ್ತು ಬೆಳಗಿನ ಜಾವ ತಿಪಟೂರಿನಲ್ಲಿ ರೈಲು ಹತ್ತುವ ಮೊದಲು ಚಿಕ್ಕಮ್ಮ ಒಂದು ಲೋಟ ಅಮೃತಬಳ್ಳಿ ಕಷಾಯ ಕುಡಿದಿದ್ದಳು. ಕೊರೊನಾ ಶುರುವಾದಾಗಿನಿಂದ ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ. ರಾತ್ರಿ ಊಟದ ಮೇಲೆ ಒಂದು ಅರಿಶಿನದ ಕ್ಯಾಪ್ಸೂಲ್, ಅದನ್ನು ತಂದುಕೊಟ್ಟವಳು ನಾನೇ. ಶಲ್ಲಕಿ ಅನ್ನುವ ಮರದ ಅಂಟಿನ ಮಾತ್ರೆ ಎರಡು ಹೊತ್ತು. ಬೆಳಿಗ್ಗೆ ನೆನೆಸಿದ ಮೆಂತ್ಯ. ಅಮಾವಾಸ್ಯೆಗೊಮ್ಮೆ ಹರಳೆಣ್ಣೆ. ಇಷ್ಟೆಲ್ಲ ನನಗೂ ಗೊತ್ತಿತ್ತು. ಆದರೂ ನಾವಿಬ್ಬರೂ "ಏನೂ ಇಲ್ಲ" ಅಂದು ಎದ್ದು ಬಂದೆವು.

ಡೋಸ್ ಇಳಿಸಿದ ಮೂರೇ ವಾರಕ್ಕೆ ಚಿಕ್ಕಮ್ಮನ ಬೆರಳುಗಳು ಮತ್ತೆ ಊದಿಕೊಂಡವು. ಮಣಿಕಟ್ಟು ಬಿಸಿಯಾಯಿತು. ಕೆಲಸ ಮಾಡುತ್ತಿದ್ದ ಮಾತ್ರೆಯನ್ನು ಕಿತ್ತುಕೊಂಡು, ಪಕ್ಕದಲ್ಲಿದ್ದದ್ದನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೆವು. ಆಮೇಲೆ ನಾನು ಫೋನಿನಲ್ಲಿ, "ಯಾಕೆ ಚಿಕ್ಕಮ್ಮ, ಕಷಾಯದ ವಿಷಯ ಹೇಳಲಿಲ್ಲ ನೀನು?" ಅಂತ ಕೇಳಿದೆ. ಅವಳಿಗೆ ನಿಜವಾಗಿಯೂ ಆಶ್ಚರ್ಯ ಆಯಿತು. "ಅದು ಔಷಧಿ ಅಲ್ವಲ್ಲ ಕಣೇ, ಕಷಾಯ."

ಚಿಕ್ಕಮ್ಮ ಸುಳ್ಳು ಹೇಳುವವಳಲ್ಲ. ಡಾಕ್ಟರಿಗೆ ಹೆದರಿ ಮುಚ್ಚಿಟ್ಟದ್ದೂ ಅಲ್ಲ. ಅವಳ ಲೆಕ್ಕದಲ್ಲಿ ಔಷಧಿ ಅಂದರೆ ಅಂಗಡಿಯಿಂದ ಚೀಟಿ ತೋರಿಸಿ ತರುವಂಥದ್ದು. ಹಿತ್ತಲಲ್ಲಿ ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯನ್ನು ಕುಯ್ದು, ಜಜ್ಜಿ, ಕುದಿಸಿ ಕುಡಿಯುವುದು ಬೇರೆ ಸಾಲಿಗೆ ಸೇರುತ್ತದೆ, ಊಟ ತಿಂಡಿಯ ಸಾಲಿಗೆ. ನಾಲ್ಕು ವರ್ಷದಿಂದ ನಾನು ಈ ಒಂದು ಉತ್ತರವನ್ನು ಯೋಚಿಸುತ್ತಲೇ ಇದ್ದೇನೆ. ಕೀಲುನೋವಿನ ಮನೆಮದ್ದು, ಪುಡಿ, ಕ್ಯಾಪ್ಸೂಲ್‌ಗಳ ಬಗ್ಗೆ ನನಗೆ ಹೇಳಲಿಕ್ಕಿರುವುದೆಲ್ಲ ಅದರ ಸುತ್ತಲೇ ಇದೆ.

ಒಂದೇ ಕಪಾಟು

ನಮ್ಮಮ್ಮ, ಚಿಕ್ಕಮ್ಮ ಅಕ್ಕತಂಗಿಯರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಒಂದೇ ಒಲೆ, ಒಂದೇ ಹಂಡೆ, ಒಂದೇ ಔಷಧಿ ಕಪಾಟು. 2006ರಲ್ಲಿ ಚಿಕುನ್‌ಗುನ್ಯ ಬಂದದ್ದು ನಿಮಗೆಲ್ಲ ನೆನಪಿರುತ್ತದೆ. ಆ ವರ್ಷ ಕರ್ನಾಟಕದಲ್ಲೇ ಏಳೂವರೆ ಲಕ್ಷ ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕಿದ್ದವು, ಲೆಕ್ಕಕ್ಕೆ ಸಿಗದವು ಇನ್ನೆಷ್ಟೋ. ನಮ್ಮ ಬೀದಿಯಲ್ಲಿ ಗೋಡೆ ಹಿಡಿಯದೆ ನಡೆಯುವವರೇ ಇರಲಿಲ್ಲ. ಮನೆಯಲ್ಲಿ ದಿನಾ ಲಕ್ಕಿ ಸೊಪ್ಪು ಕುದಿಯುತ್ತಿತ್ತು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ಟಿಕೊಳ್ಳುತ್ತಿದ್ದರು. ಅಕ್ಕತಂಗಿಯರಿಬ್ಬರೂ ಆರೇಳು ತಿಂಗಳು ನರಳಿದರು. ಆಮೇಲೆ ನೋವು ಹೋಯಿತು. ಹೆಚ್ಚಿನವರಿಗೆ ಅದು ತಾನಾಗೇ ಹೋಗುವ ನೋವು. ಆದರೆ ನಮ್ಮ ಮನೆಯಲ್ಲಿ ಆ ಗೆಲುವು ಲಕ್ಕಿ ಸೊಪ್ಪಿಗೆ, ಕಷಾಯಕ್ಕೆ ಸೇರಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಶಾಖದಿಂದ ಅವರಿಗೆ ಹಿತ ಆಗಿದ್ದು ನಿಜ.

ತೊಂದರೆ ಶುರುವಾದದ್ದು ಹನ್ನೊಂದು ವರ್ಷದ ಮೇಲೆ. 2017ರ ಚಳಿಗಾಲದಲ್ಲಿ ಚಿಕ್ಕಮ್ಮನ ಬೆರಳ ಗೆಣ್ಣುಗಳು ಊದಿದವು. ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: "ಚಿಕುನ್‌ಗುನ್ಯದ ಉಳಿಕೆ." ಅದೇ ಹೊತ್ತಿಗೆ ಅಮ್ಮನಿಗೂ ಮಂಡಿನೋವು ಜೋರಾಗಿತ್ತು. ಇಬ್ಬರಿಗೂ ಸಂಧಿವಾತ ಅಂತ ಹೆಸರಿಟ್ಟಾಯಿತು. ಇಬ್ಬರಿಗೂ ಒಂದೇ ಕಪಾಟಿನಿಂದ ಔಷಧಿ ಬಂತು. ನಾನು ಬೆಂಗಳೂರಿನಿಂದ ಹೋಗುವಾಗ ಎರಡು ಎರಡು ಬಾಟಲಿ ಒಯ್ಯುತ್ತಿದ್ದೆ, ಒಬ್ಬರಿಗೆ ಕಡಿಮೆ ಒಬ್ಬರಿಗೆ ಜಾಸ್ತಿ ಆಗಬಾರದು ಅಂತ.

ಆದರೆ ಅವೆರಡು ಬೇರೆ ಬೇರೆ ಕಾಯಿಲೆ. ಈಗ ಹಿಂದಿರುಗಿ ನೋಡಿದರೆ ಕಣ್ಣಿಗೆ ಕಟ್ಟುವಷ್ಟು ಬೇರೆ. ಅಮ್ಮನ ನೋವು ಸಂಜೆಯದು. ದಿನವೆಲ್ಲ ನಿಂತು ಓಡಾಡಿದ ಮೇಲೆ, ಮೆಟ್ಟಿಲು ಹತ್ತಿ ಇಳಿದ ಮೇಲೆ ಬರುವಂಥದ್ದು. ಬೆಳಿಗ್ಗೆ ಎದ್ದಾಗ ಐದು ನಿಮಿಷ ಬಿಗಿ, ನಾಲ್ಕು ಹೆಜ್ಜೆ ನಡೆದರೆ ಸಡಿಲ. ಅದು ಆಸ್ಟಿಯೋ ಆರ್ಥ್ರೈಟಿಸ್, ಕೀಲಿನ ಮೃದ್ವಸ್ಥಿ ವರ್ಷಗಟ್ಟಲೆ ಸವೆದು ಬರುವ ನೋವು. ಚಿಕ್ಕಮ್ಮನದು ಬೆಳಗಿನ ನೋವು. ಆರಕ್ಕೆ ಎದ್ದರೆ ಹತ್ತರ ತನಕ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ಬೇಸಿನ್‌ಗೆ ಹಾಕಿಕೊಂಡು, ಬಚ್ಚಲ ಕಟ್ಟೆಯ ಮೇಲೆ ಕೂತು, ಎರಡೂ ಕೈ ಮುಳುಗಿಸಿ ಸುಮ್ನೆ ಇರುತ್ತಿದ್ದಳು. ನಲ್ಲಿ ತಿರುಗಿಸಲು ಮಣಿಕಟ್ಟು ಬಿಡುತ್ತಿರಲಿಲ್ಲ. ರವಿಕೆಯ ಹುಕ್ಕು ಹಾಕಲು ಅಮ್ಮನನ್ನು ಕರೆಯುತ್ತಿದ್ದಳು. ಎರಡೂ ಕೈಯಲ್ಲಿ ಒಂದೇ ತೆರನಾಗಿ, ಅವೇ ಗೆಣ್ಣುಗಳು. ಜೊತೆಗೆ ಸುಸ್ತು, ಸಣ್ಣ ಜ್ವರ, ಊಟ ಸೇರದು. ಅದು ರುಮಟಾಯ್ಡ್. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ. ಬಿಟ್ಟರೆ ಮೊದಲ ಒಂದೆರಡು ವರ್ಷದಲ್ಲೇ ಮೂಳೆ ತಿನ್ನಲು ಶುರು ಮಾಡುತ್ತದೆ. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಸಿಕ್ಕರೆ ಕೈ ಉಳಿಯುವ ಸಾಧ್ಯತೆ ತುಂಬ ಜಾಸ್ತಿ.

ಚಿಕ್ಕಮ್ಮನಿಗೆ ಸಿಕ್ಕಿದ್ದು ಸುಮಾರು ಎರಡು ವರ್ಷದ ಮೇಲೆ.

"ಬೆಳಗಿನ ಬಿಗಿ ಎಷ್ಟು ಹೊತ್ತು ಇರುತ್ತೆ?" ಅನ್ನುವ ಒಂದು ಪ್ರಶ್ನೆಯನ್ನು ನಾವು ಯಾರಾದರೂ ಕೇಳಿದ್ದರೆ ಸಾಕಿತ್ತು. ಅರ್ಧ ಗಂಟೆಯೊಳಗೆ ಬಿಟ್ಟುಕೊಟ್ಟರೆ ಒಂದು ದಾರಿ. ಗಂಟೆ ದಾಟಿದರೆ, ಅದೂ ಊತ ಇದ್ದು ಆರು ವಾರ ಮೀರಿದರೆ, ಕೀಲುವಾತದ ತಜ್ಞರ ಹತ್ತಿರ ಹೋಗಲೇಬೇಕು. ಯಾವ ಸಪ್ಲಿಮೆಂಟ್ ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಇದನ್ನೇ ಕೇಳುತ್ತೇನೆ. ಆಯುರ್ವೇದವೂ ಈ ಎರಡನ್ನು ಒಂದು ಮಾಡಿಲ್ಲ. ಅಮ್ಮನದರಂಥ ಸಂಧಿಗತವಾತ ಬೇರೆ, ಚಿಕ್ಕಮ್ಮನದರಂಥ ಆಮವಾತ ಬೇರೆ. ಮಾಧವ ನಿದಾನ ಅನ್ನುವ ಹಳೆಯ ಆಯುರ್ವೇದ ಗ್ರಂಥದಲ್ಲಿ ಆಮವಾತಕ್ಕೆ ಬೇರೆಯದೇ ಅಧ್ಯಾಯ ಇದೆ. ಒಳ್ಳೆಯ ವೈದ್ಯರು ಯಾರೇ ಆದರೂ ಬೇರೆ ಮಾಡಿಯೇ ನೋಡುತ್ತಾರೆ. ಬೆರೆಸಿದ್ದು ಮನೆಯವರಾದ ನಾವು.

ಪೊಟ್ಟಣದ ಪುಡಿ

ಆ ಎರಡು ವರ್ಷದಲ್ಲಿ ಎಂಟು ತಿಂಗಳು ಒಂದು ಪುಡಿಯ ಪಾಲಾಯಿತು. ಸಂತೆಯಲ್ಲಿ ಒಬ್ಬರು ಕೊಡುತ್ತಾರೆ, ಎಷ್ಟೋ ಜನಕ್ಕೆ ವಾಸಿಯಾಗಿದೆ ಅಂತ ನೆಂಟರೊಬ್ಬರು ಹೇಳಿದರು. ಕಂದು ಬಣ್ಣದ ಪುಡಿ, ಪೇಪರಿನ ಪೊಟ್ಟಣ, ಜೇನಿನಲ್ಲಿ ಕಲಸಿ ದಿನಕ್ಕೆ ಎರಡು. ಬರೀ ಗಿಡಮೂಲಿಕೆ ಅಂದಿದ್ದರು.

ಮೂರನೇ ದಿನ ನಾನು ಊರಿನಲ್ಲೇ ಇದ್ದೆ. ಬೆಳಿಗ್ಗೆ ಏಳು ಗಂಟೆಗೆ ನಡುಮನೆಯಲ್ಲಿ ಚಿಕ್ಕಮ್ಮ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಳು. ಕನಕಾಂಬರ, ಮರುಗ, ಒದ್ದೆ ಬಾಳೆನಾರು. ಎಡಗೈ ಬೆರಳಿನ ನಡುವೆ ನಾಲ್ಕು ಹೂವಿಟ್ಟು ಬಲಗೈಯಲ್ಲಿ ನಾರು ಸುತ್ತಿ ಕುಣಿಕೆ ಎಳೆಯುವುದು, ಅವಳು ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಒಂದು ವರ್ಷದಿಂದ ನಿಂತುಹೋಗಿತ್ತು. ಅವತ್ತು ಮೊಳದ ಮೇಲೆ ಮೊಳ ಕಟ್ಟಿದಳು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಾ ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಆ ಪುಡಿ ಕೊಟ್ಟವರಿಗೆ ಕೈ ಮುಗಿಯಬೇಕು ಅನ್ನಿಸಿತ್ತು. ಇದನ್ನು ಬರೆಯುವುದು ಯಾಕೆ ಅಂದರೆ, ಇಂಥ ಪುಡಿಗೆ ಜನ ಯಾಕೆ ಬೀಳುತ್ತಾರೆ ಅಂತ ಕೇಳುವವರು ಆ ಬೆಳಗನ್ನು ನೋಡಿಲ್ಲ. ನೋವು ನಿಂತ ಮನುಷ್ಯನ ಮುಖ ನೋಡಿದ ಮೇಲೆ ಯಾರೂ ಪೊಟ್ಟಣದಲ್ಲಿ ಏನಿದೆ ಅಂತ ಕೇಳುವುದಿಲ್ಲ.

ಎರಡು ತಿಂಗಳಿಗೆ ಚಿಕ್ಕಮ್ಮನ ಮುಖ ದುಂಡಗಾಯಿತು. ಮೈ ತುಂಬಿಕೊಂಡಿದ್ದಾಳೆ, ಕಳೆ ಬಂದಿದೆ ಅಂದರು ಎಲ್ಲರೂ. ಆಮೇಲೆ ಕತ್ತಿನ ಹಿಂದೆ ಕೊಬ್ಬು ಸೇರಿತು. ಬಳೆ ತಾಗಿದರೂ ಚರ್ಮದಲ್ಲಿ ಕಪ್ಪು ಕಲೆ ಏಳುತ್ತಿತ್ತು. ಇಲ್ಲದ ಸಕ್ಕರೆ ಕಾಯಿಲೆ ಬಂತು. ಪೊಟ್ಟಣ ಮುಗಿದು ಎರಡು ದಿನ ತಡವಾದರೆ ಎದ್ದು ನಿಲ್ಲಲಾರದಷ್ಟು ನಿಶ್ಶಕ್ತಿ, ವಾಂತಿ. ಕೊನೆಗೆ ಬೆಂಗಳೂರಿಗೆ ಕರೆತಂದಾಗ ತಜ್ಞರು ಒಮ್ಮೆ ಮುಖ ನೋಡಿದರು, ಒಮ್ಮೆ ತೋಳು ನೋಡಿದರು, "ಯಾವ ಪುಡಿ ತಗೊಳ್ತಿದ್ರಿ?" ಅಂದರು. ಬೆಳಗಿನ ಕಾರ್ಟಿಸಾಲ್, ಅಂದರೆ ದೇಹವೇ ತಯಾರಿಸುವ ಸ್ಟೀರಾಯ್ಡ್, ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದರು. ಅಂಕಿ ತೀರಾ ಕೆಳಗಿತ್ತು. ಹೀಗೆ ಪುಡಿಯ ಮೂಲಕ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಾ ಇದ್ದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸಿಬಿಡುತ್ತದಂತೆ. ಹಾಗಾಗಿ ಪುಡಿಯನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಅದರ ಜಾಗಕ್ಕೆ ಅಳತೆ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ತಿಂಗಳುಗಟ್ಟಲೆ ಇಳಿಸುತ್ತಾ ಬಂದರು. ಜೊತೆಗೆ ಮೆಥೊಟ್ರೆಕ್ಸೇಟ್ ಶುರುವಾಯಿತು.

ಇದು ನಮ್ಮೂರ ಸಂತೆಯ ಕತೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಆರ್ಟ್ರಿ ಕಿಂಗ್ ಅನ್ನುವ ಕೀಲುನೋವಿನ ಸಪ್ಲಿಮೆಂಟ್ ಬಗ್ಗೆ ಜನರನ್ನು ಎಚ್ಚರಿಸಿತು. ಅದರಲ್ಲಿ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್, ಡೈಕ್ಲೋಫಿನಾಕ್ ಅನ್ನುವ ನೋವಿನ ಔಷಧಿ ಎರಡೂ ಇದ್ದವು, ಲೇಬಲ್ ಮೇಲೆ ಎರಡೂ ಇರಲಿಲ್ಲ. ಗಿಡಮೂಲಿಕೆಯ ಗುಣ ಬಂದರೆ ವಾರಗಟ್ಟಲೆ ನಿಧಾನವಾಗಿ ಬರುತ್ತದೆ. ಮೂರು ದಿನಕ್ಕೆ ಊತ ಇಳಿದು ಹೂ ಕಟ್ಟುವ ಹಾಗಾದರೆ ಅವತ್ತೇ ಅನುಮಾನ ಪಡಬೇಕು. ನಾವು ಸಂತೋಷಪಟ್ಟೆವು.

ಒಂದು ಚಮಚ ಅರಿಶಿನ

ಚಿಕ್ಕಮ್ಮನ ಲಿವರ್ ರಿಪೋರ್ಟ್ ಬಂದ ಮೇಲೆ ನಾನು ಕೂತು ಓದಲು ಶುರು ಮಾಡಿದೆ. ಮೊದಲು ಅರಿಶಿನ, ಅದನ್ನು ತಂದವಳು ನಾನಲ್ವಾ.

ಅರಿಶಿನದ ಪುಡಿಯಲ್ಲಿ ಊತ ತಗ್ಗಿಸುವ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು. ಒಂದು ಚಮಚ ಪುಡಿ ಸುಮಾರು ಮೂರು ಗ್ರಾಂ ತೂಗುತ್ತದೆ. ಅಂದರೆ ಅದರಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ. ಮಂಡಿನೋವಿನ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ದಿನಕ್ಕೆ 500ರಿಂದ 1,500 ಮಿಲಿಗ್ರಾಂ. ಅಷ್ಟಕ್ಕೆ ಹಾಲಿನಲ್ಲಿ ಎಷ್ಟು ಚಮಚ ಅರಿಶಿನ ಕದಡಬೇಕು, ಲೆಕ್ಕ ಹಾಕಿ. ಮೇಲಾಗಿ ಕುಡಿದದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಉಳಿದದ್ದು ಬಂದ ದಾರಿಯಲ್ಲೇ ಹೋಗುತ್ತದೆ. ಇದಕ್ಕೊಂದು ಉಪಾಯ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ ಅಂತ ಓದಿ ಖುಷಿಯಾಯಿತು. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತ ಸ್ವಯಂಸೇವಕರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ 2,000 ಪರ್ಸೆಂಟ್ ಏರಿತ್ತು. ಇವತ್ತು ಎಷ್ಟೋ ಅರಿಶಿನದ ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಮೆಣಸು ಇದೆ ಅಂತ ಬರೆದಿರುವುದಕ್ಕೆ ಈ ಪ್ರಯೋಗವೇ ಮುಖ್ಯ ಕಾರಣ.

ಖುಷಿಯ ಜೊತೆಗೇ ಇನ್ನೊಂದು ಯೋಚನೆ ಬಂತು. ಸಾರಿನಲ್ಲಿ ಹಾಕುವ ಅರಿಶಿನ ಅಡುಗೆಯದು. ಸಾವಿರಾರು ವರ್ಷ ತಿಂದು ನೋಡಿದ್ದೇವೆ. ಆದರೆ ಸಾರವನ್ನು ಹಿಂಡಿ, ಮೆಣಸಿನ ಸಾರ ಸೇರಿಸಿ, ಇಪ್ಪತ್ತು ಪಟ್ಟು ರಕ್ತಕ್ಕೆ ಇಳಿಸುವ ಕ್ಯಾಪ್ಸೂಲನ್ನು ನಮ್ಮಜ್ಜಿ ಯಾವತ್ತೂ ತಿಂದಿರಲಿಲ್ಲ. ಅದಕ್ಕೆ ಆ ಸಾವಿರ ವರ್ಷದ ಸಾಕ್ಷಿ ಸಲ್ಲುವುದಿಲ್ಲ. ಊತ ಇಳಿಸುವಷ್ಟು ಬಲ ಅದಕ್ಕಿದೆ ಅಂದ ಮೇಲೆ ತೊಂದರೆ ಮಾಡುವಷ್ಟು ಬಲವೂ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಅರಿಶಿನದ ಸಪ್ಲಿಮೆಂಟ್‌ನಿಂದ ಲಿವರ್ ಕೆಟ್ಟ ಹತ್ತು ಜನರ ವಿವರ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಜನಕ್ಕೆ ಒಂದೇ ಬಗೆಯ ಜೀನ್ ಇತ್ತು, ಒಬ್ಬರು ತೀರಿಕೊಂಡರು. ಕೋಟ್ಯಂತರ ಜನ ತಗೊಳ್ಳುವಾಗ ಇದು ಅಪರೂಪವೇ. ಆದರೆ ಯಾರ ಮೈಯಲ್ಲಿ ಆ ಜೀನ್ ಇದೆ ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಅಪಾಯ, ರಕ್ತಸ್ರಾವ ಹೆಚ್ಚಬಹುದು. ಮೆಣಸಿನ ಸಾರವೂ ಸುಮ್ಮನಿರುವುದಿಲ್ಲ. ಅರಿಶಿನವನ್ನು ಒಳಗೆ ಬಿಟ್ಟ ಹಾಗೇ ಬೇರೆ ಕೆಲವು ಮಾತ್ರೆಗಳನ್ನೂ ಜಾಸ್ತಿ ಒಳಗೆ ಬಿಡುತ್ತದೆ.

ಅಮೃತಬಳ್ಳಿಯ ವಿಷಯ ಓದಿದಾಗ ಕೈ ತಣ್ಣಗಾಯಿತು. 2021ರಲ್ಲೇ ಮುಂಬೈನ ಲಿವರ್ ತಜ್ಞರು ಅದನ್ನು ಸೇವಿಸಿದ ಆರು ಜನರಲ್ಲಿ ಲಿವರ್ ಕೆಟ್ಟದ್ದನ್ನು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂದಿತು. ಆ ವಾದ ಮುಂದುವರಿದಿದೆ. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಈ ಬಳ್ಳಿ ರಕ್ಷಣಾ ವ್ಯವಸ್ಥೆಯನ್ನು ಚುರುಕು ಮಾಡುತ್ತದೆ ಅಂತಲೇ ಕೊರೊನಾ ಕಾಲದಲ್ಲಿ ಮನೆ ಮನೆಯಲ್ಲಿ ಕುಡಿದೆವು. ಚಿಕ್ಕಮ್ಮನ ಕಾಯಿಲೆಯೇ ಅತಿ ಚುರುಕಾದ ರಕ್ಷಣಾ ವ್ಯವಸ್ಥೆ. ಮೆಥೊಟ್ರೆಕ್ಸೇಟ್ ಅದನ್ನು ತಣ್ಣಗೆ ಮಾಡಲಿಕ್ಕೆ. ಒಂದೇ ಬೆಳಿಗ್ಗೆ ಒಂದು ಲೋಟದಿಂದ ಎಬ್ಬಿಸಿ, ಒಂದು ಮಾತ್ರೆಯಿಂದ ಮಲಗಿಸಲು ನೋಡುತ್ತಿದ್ದೆವು.

ಕಂದು ಗುರುತು

ಅಮ್ಮನ ಮಂಡಿಗೆ ಗ್ಲುಕೋಸಮೈನ್ ಅನ್ನುವ ಸಪ್ಲಿಮೆಂಟ್ ತಂದುಕೊಟ್ಟಿದ್ದೆ. ನಾಲ್ಕು ತಿಂಗಳು ತಗೊಂಡಳು. ಒಂದು ದಿನ ಮೊಮ್ಮಗ ಡಬ್ಬಿ ತಿರುಗಿಸಿ, "ಅಜ್ಜಿ, ಇದ್ರಲ್ಲಿ ಹಸಿರು ಗುರುತಿಲ್ಲ, ಕಂದು ಇದೆ" ಅಂದ. ಗ್ಲುಕೋಸಮೈನ್ ಬಹುಮಟ್ಟಿಗೆ ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆದದ್ದು. ಜೊತೆಗಿರುವ ಕಾಂಡ್ರಾಯ್ಟಿನ್ ದನ ಅಥವಾ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ. ಅಮ್ಮ ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಡಬ್ಬಿಯನ್ನು ಕಪಾಟಿನಿಂದ ತೆಗೆದು ಹೊರಗಿನ ಕಿಟಕಿಯಲ್ಲಿ ಇಟ್ಟಳು, ಸ್ನಾನ ಮಾಡಿದಳು, ದೀಪ ಹಚ್ಚಿದಳು. ಕೊಡುವ ಮೊದಲು ಡಬ್ಬಿಯ ಹಿಂಬದಿ ಓದುವುದು ನನ್ನ ಕೆಲಸವಾಗಿತ್ತು. ಚಿಪ್ಪಿಲ್ಲದೆ ತಯಾರಿಸಿದ ಗ್ಲುಕೋಸಮೈನ್ ಕೂಡ ಸಿಗುತ್ತದೆ. ಹುಡುಕಿದ್ದರೆ ಸಿಗುತ್ತಿತ್ತು.

ಅಷ್ಟು ಮಾಡಿ ಅದರಿಂದ ಆದ ಗುಣವಾದರೂ ಎಷ್ಟು? 2006ರಲ್ಲಿ ಅಮೆರಿಕದಲ್ಲಿ 1,583 ಮಂಡಿನೋವಿನವರ ಮೇಲೆ 24 ವಾರ ಒಂದು ದೊಡ್ಡ ಪ್ರಯೋಗ ಮುಗಿಯಿತು. ಒಟ್ಟಾರೆ ನೋಡಿದರೆ ಗ್ಲುಕೋಸಮೈನ್ ಆಗಲಿ ಕಾಂಡ್ರಾಯ್ಟಿನ್ ಆಗಲಿ ಎರಡೂ ಸೇರಿಯಾಗಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ನೋವು ಜಾಸ್ತಿ ಇದ್ದ ಒಂದು ಸಣ್ಣ ಗುಂಪಿಗೆ ಮಾತ್ರ ಎರಡೂ ಸೇರಿದಾಗ ಸ್ವಲ್ಪ ಅನುಕೂಲ ಕಂಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಅಂಕಿ. ಹುಸಿ ಮಾತ್ರೆ ತಗೊಂಡವರಲ್ಲೂ ನೂರಕ್ಕೆ 60 ಜನಕ್ಕೆ ನೋವು ಕಡಿಮೆಯಾಗಿತ್ತು. ಮಂಡಿನೋವು ಏರುತ್ತದೆ, ಇಳಿಯುತ್ತದೆ. ಏರಿದಾಗ ನಾವು ಔಷಧಿ ಶುರು ಮಾಡುತ್ತೇವೆ, ಇಳಿದಾಗ ಅದಕ್ಕೆ ಹೆಸರು ಕೊಡುತ್ತೇವೆ. ಯಾರೋ ನನ್ನನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನಕ್ಕೂ ನೋವು ಇಳಿಸುವ ಶಕ್ತಿ ಇದೆ. ಅದನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ನಾಲ್ಕು ತಿಂಗಳು ಅಮ್ಮನಿಗೆ ಹಿತವಾಗಿದ್ದು ನಿಜವೇ.

ಗಿಡಮೂಲಿಕೆಯೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಶಲ್ಲಕಿಯ ಅಂಟಿನ ಮೇಲೆ 2003ರಲ್ಲಿ ನಾಗಪುರದಲ್ಲಿ 30 ಮಂಡಿನೋವಿನವರ ಮೇಲೆ ಪ್ರಯೋಗ ಮಾಡಿ ನೋವು, ಊತ ಇಳಿದದ್ದನ್ನು ತೋರಿಸಿದ್ದಾರೆ. ಸಣ್ಣ ಪ್ರಯೋಗ, ಆದರೆ ಹುಸಿ ಮಾತ್ರೆಯ ಜೊತೆ ಹೋಲಿಸಿ ಮಾಡಿದ್ದು. ಪುಣೆಯ ಡಾ. ಅರವಿಂದ ಚೋಪ್ರಾ ಅವರ ತಂಡ 440 ಮಂಡಿನೋವಿನವರಲ್ಲಿ ಕೆಲವರಿಗೆ ಶುಂಠಿ, ಅಮೃತಬಳ್ಳಿ, ಶಲ್ಲಕಿ, ಗುಗ್ಗುಳ ಸೇರಿದ ಔಷಧಿ ಕೊಟ್ಟು, ಗ್ಲುಕೋಸಮೈನ್ ಮತ್ತು ಸೆಲೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆಯ ಜೊತೆ ಹೋಲಿಸಿತು. 2013ರಲ್ಲಿ ಫಲಿತಾಂಶ ಬಂತು, ಮೂರೂ ಸರಿಸಮ ಅಂತ. ಅದೇ ತಂಡ ಕೆಲವರಲ್ಲಿ ಎಸ್‌ಜಿಪಿಟಿ ಏರಿದ್ದನ್ನೂ ಮುಚ್ಚಿಡದೆ ಬರೆಯಿತು. ಔಷಧಿ ನಿಂತ ಮೇಲೆ ಅದು ಇಳಿದಿತ್ತು. ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ಅವರು ಅಳೆದರು, ಆದ್ದರಿಂದ ಗೊತ್ತಾಯಿತು. ನಮ್ಮ ಮನೆಯಲ್ಲಿ ಅಳೆಯುವವರು ಇರಲಿಲ್ಲ.

ಅಮ್ಮನಿಗೆ ನಿಜವಾಗಿ ಕೈ ಹಿಡಿದದ್ದು ತೊಡೆಯ ವ್ಯಾಯಾಮ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹತ್ತು ಎಣಿಸುವುದು, ಬೆಳಿಗ್ಗೆ ಸಂಜೆ. ಜೊತೆಗೆ ನಾಲ್ಕು ಕಿಲೋ ತೂಕ ಇಳಿಸಿದಳು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕಿಲೋ ಭಾರ ತಗ್ಗುತ್ತದೆ ಅಂತ ಅಳೆದು ನೋಡಿದ್ದಾರೆ. ಎಕ್ಕದ ಎಲೆ ಈಗಲೂ ಕಟ್ಟಿಕೊಳ್ಳುತ್ತಾಳೆ. ಅದರ ಹಾಲು ಕಣ್ಣಿಗೆ, ಗಾಯಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ. ಬಿಸಿಗೆ ಹಿತ ಆಗುತ್ತದೆ.

ಹತ್ತು ಕ್ಯಾಪ್ಸೂಲ್

ರುಮಟಾಯ್ಡ್‌ಗೆ ಸಪ್ಲಿಮೆಂಟ್‌ಗಳಲ್ಲಿ ಸ್ವಲ್ಪ ಗಟ್ಟಿ ಆಧಾರ ಇರುವುದು ಮೀನೆಣ್ಣೆಗೆ. ಅದರ ಇಪಿಎ, ಡಿಎಚ್ಎ ಅನ್ನುವ ಒಮೆಗಾ-3 ಕೊಬ್ಬು ದಿನಕ್ಕೆ ಮೂರು ಗ್ರಾಂನಷ್ಟು ಸಿಕ್ಕರೆ ಬೆಳಗಿನ ಬಿಗಿ ತಗ್ಗುತ್ತದೆ, ನೋವಿನ ಮಾತ್ರೆ ಕಡಿಮೆ ಸಾಕಾಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ 1,000 ಮಿಲಿಗ್ರಾಂನ ಮಾಮೂಲಿ ಕ್ಯಾಪ್ಸೂಲಿನಲ್ಲಿ ಇವೆರಡೂ ಸೇರಿ ಇರುವುದು 300. ಅಂದರೆ ದಿನಕ್ಕೆ ಹತ್ತು ನುಂಗಬೇಕು. ಒಂದು ನುಂಗಿ ಮೀನೆಣ್ಣೆ ತಗೊಂಡೆ ಅನ್ನುವುದಕ್ಕೂ ಸಾಗರದಲ್ಲಿ ಬೆರಳದ್ದುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕರಾವಳಿಯವರು ಬೂತಾಯಿ, ಬಂಗುಡೆ ತಿನ್ನುವವರು ಪುಣ್ಯವಂತರು. ನಮ್ಮ ಕಡೆಯೂ ಉತ್ತರ ಕರ್ನಾಟಕದ ಕಡೆಯೂ ಅಗಸೆ ಚಟ್ನಿಪುಡಿ ಇದೆ. ರುಚಿಗೆ, ಹೊಟ್ಟೆಗೆ ಒಳ್ಳೆಯದು. ಆದರೆ ಅಗಸೆಯ ಒಮೆಗಾ ಬೇರೆ ಜಾತಿಯದು, ದೇಹ ಅದರಲ್ಲಿ ತೀರಾ ಸ್ವಲ್ಪವನ್ನಷ್ಟೇ ಇಪಿಎ ಮಾಡಿಕೊಳ್ಳುತ್ತದೆ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆ ಇದೆ, ಬೆಲೆ ಜಾಸ್ತಿ. ಚಿಕ್ಕಮ್ಮ ಅದನ್ನು ಆರು ತಿಂಗಳಿಂದ ತಗೊಳ್ಳುತ್ತಿದ್ದಾಳೆ, ಡಾಕ್ಟರಿಗೆ ಹೇಳಿಯೇ.

ಮೆಥೊಟ್ರೆಕ್ಸೇಟನ್ನು ಅವಳು ಒಪ್ಪಿಕೊಳ್ಳಲು ತುಂಬ ದಿನ ಬೇಕಾಯಿತು. ಪಕ್ಕದ ಮನೆಯ ಹುಡುಗ ಫೋನಿನಲ್ಲಿ ನೋಡಿ, ಇದು ಕ್ಯಾನ್ಸರ್ ಮಾತ್ರೆ ಅಂದುಬಿಟ್ಟಿದ್ದ. ಕ್ಯಾನ್ಸರಿಗೂ ಕೊಡುತ್ತಾರೆ, ನಿಜ, ಆದರೆ ಅಲ್ಲಿಯ ಅಳತೆಯೇ ಬೇರೆ. ಇಲ್ಲಿ ಸಣ್ಣ ಡೋಸ್, ವಾರಕ್ಕೆ ಒಂದೇ ದಿನ, ಬೇರೆ ದಿನಗಳಲ್ಲಿ ಫೋಲಿಕ್ ಆಸಿಡ್. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಚೀಟಿಯಲ್ಲಿ "ಭಾನುವಾರ ಮಾತ್ರ" ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ಅಮ್ಮ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕುಂಕುಮ ಹಚ್ಚಿಡುತ್ತಾಳೆ.

ಬೆರಳು ಊದಿ ಮತ್ತೆ ಬೆಂಗಳೂರಿಗೆ ಹೋದಾಗ ನಾನೇ ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ. ಯಾವುದರಿಂದ ಅಂತ ಖಚಿತವಾಗಿ ಹೇಳೋಕಾಗಲ್ಲ, ಮೊದಲು ಕಷಾಯ, ಅರಿಶಿನ ಎರಡೂ ನಿಲ್ಲಿಸಿ ನೋಡೋಣ ಅಂದರು. ಎರಡು ತಿಂಗಳಲ್ಲಿ ಎಸ್‌ಜಿಪಿಟಿ ಇಳಿಯಿತು. ಮಾತ್ರೆ ಮೊದಲಿನ ಡೋಸಿಗೆ ಬಂತು. ಊತ ನಿಂತಿದೆ. ಬಾಗಿದ ಎರಡು ಬೆರಳು ಮಾತ್ರ ನೇರವಾಗಲಿಲ್ಲ.

"ಬೇರೆ ಔಷಧಿ ತಗೊಳ್ತೀರಾ?" ಅಂತ ಆ ಡಾಕ್ಟರು ಈಗ ಕೇಳುವುದಿಲ್ಲ. "ಬೆಳಿಗ್ಗೆ ಎದ್ದು ರಾತ್ರಿ ಮಲಗೋ ತನಕ ಬಾಯಿಗೆ ಏನೇನು ಹಾಕ್ಕೊಳ್ತೀರಿ, ಮೈಗೆ ಏನೇನು ಹಚ್ಕೊಳ್ತೀರಿ, ಹೇಳಿ" ಅಂತಾರೆ. ಅದಕ್ಕಾಗಿ ಪ್ರತಿಸಲ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಪಟ್ಟಿ ಆಗುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಅಮ್ಮ ಬರೆಯುತ್ತಾಳೆ, ಚಿಕ್ಕಮ್ಮ ಹೇಳುತ್ತಾಳೆ. ಹೋದ ತಿಂಗಳು ನಾನು ಊರಿಗೆ ಹೋಗಿದ್ದೆ. ಮೆಂತ್ಯ, ಒಂದು ಚಮಚ. ಪಾಚಿ ಎಣ್ಣೆ, ಎರಡು. ಹರಳೆಣ್ಣೆ, ಅಮಾವಾಸ್ಯೆಗೆ. ಮಂಗರಬಳ್ಳಿ ಚಟ್ನಿ, ವಾರಕ್ಕೊಮ್ಮೆ. ಅಮ್ಮ ಬರೆದು ಮುಗಿಸಿ ಪೆನ್ನು ಮುಚ್ಚಿದಳು. ಚಿಕ್ಕಮ್ಮ ಮಡಿಲಲ್ಲಿದ್ದ ಮಲ್ಲಿಗೆಯನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಅಕ್ಕನ ಕೈಗೆ ಕೊಡಲು ಎತ್ತಿಟ್ಟುಕೊಳ್ಳುತ್ತಿದ್ದಳು. ಈಗ ಅವಳು ಜೋಡಿಸುತ್ತಾಳೆ, ಅಮ್ಮ ಕಟ್ಟುತ್ತಾಳೆ.

"ಲಕ್ಕಿ ಸೊಪ್ಪಿನ ಶಾಖ ಬರೆದ್ಯಾ ಅಕ್ಕಾ?" ಅಂದಳು.

ಅಮ್ಮ ಪೆನ್ನಿನ ಮುಚ್ಚಳ ಮತ್ತೆ ತೆಗೆದಳು.